ಕಲಬುರಗಿಯ ಪರಂಪರೆ ಪಟ್ಟಿ ಮತ್ತು ಊರವರ ಅಹವಾಲು

ಕಲಬುರಗಿ ನಗರವು 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಐದು ಲಕ್ಷ ದಾಟಿತ್ತು. ಹೊಸ ಬಡಾವಣೆಗಳು ಬೆಳೆದಂತೆಲ್ಲ ಹಳೆಯ ಗುಮ್ಮಟಗಳು ಮನೆ, ಅಂಗಡಿಗಳ ನಡುವೆ ಸೇರಿಹೋಗಿವೆ. ಊರಿನ ಪರಂಪರೆಯನ್ನು ಯಾರು, ಹೇಗೆ ನೋಡಿಕೊಳ್ಳಬೇಕೆಂಬ ಚರ್ಚೆ ಇಲ್ಲಿ ಪ್ಲಾಟುಗಳ ಪ್ರಶ್ನೆಯೂ ಹೌದು.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದಖನ್ನಿನ ಸ್ವತಂತ್ರ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಕೋಟೆಯನ್ನು ಮೊದಲು ಕಟ್ಟಿಸಿದವನು ವಾರಂಗಲ್ಲಿನ ಕಾಕತೀಯರ ಸಾಮಂತ ಗುಲ್‌ಚಂದ್ ಎಂಬ ಮಾತು ಊರಲ್ಲಿ ಉಳಿದಿದೆ. ಕೋಟೆಯೊಳಗಿನ ಜಾಮಿ ಮಸೀದಿ 216 ಅಡಿ ಉದ್ದ, 176 ಅಡಿ ಅಗಲವಿದೆ. ಅದಕ್ಕೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡವೇ ಗುಮ್ಮಟಗಳ ಕೆಳಗಿದೆ. ಭಾರತದಲ್ಲಿ ಇಂಥ ದೊಡ್ಡ ಮಸೀದಿ ತೀರ ಅಪರೂಪ. ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಕಲಬುರಗಿಯ ರಾಜವೈಭವ ಇಳಿಯಿತು, ಆದರೆ 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಬರುವ ಜನ ಕಡಿಮೆಯಾಗಲಿಲ್ಲ.

2014ರ ಏಪ್ರಿಲ್‌ನಲ್ಲಿ ದಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಕಲಬುರಗಿಯ ಜೊತೆಗೆ ಬೀದರ, ವಿಜಯಪುರ, ಹೈದರಾಬಾದುಗಳೂ ಅದರಲ್ಲಿವೆ. ಅದೇ ವರ್ಷ ನವೆಂಬರ್ 1ರಂದು ಊರಿನ ಅಧಿಕೃತ ಹೆಸರು ಗುಲ್ಬರ್ಗಾದಿಂದ ಕಲಬುರಗಿ ಎಂದು ಬದಲಾಯಿತು. ಯುನೆಸ್ಕೋಗೆ ಸಲ್ಲಿಸಿದ ಕಡತದಲ್ಲಿ ಮಾತ್ರ ಗುಲ್ಬರ್ಗಾ ಎಂದೇ ಇದೆ. ಇಲ್ಲಿನ ಸ್ಮಾರಕಗಳಲ್ಲಿ ಕಡತ ಮುಖ್ಯವಾಗಿ ಹೆಸರಿಸಿರುವುದು ಮೂರನ್ನು: ಕೋಟೆ, ಅದರೊಳಗಿನ ಮಸೀದಿ, ಏಳು ಗೋರಿಗಳ ಹಫ್ತ್ ಗುಂಬಜ್.

ಪಟ್ಟಿಯ ಕೊರತೆ ಇಲ್ಲೇ ಕಾಣುತ್ತದೆ. ರಾಜ್ಯ ಕಟ್ಟಿದ ಹಸನ್‌ನ ಗೋರಿ ಹಫ್ತ್ ಗುಂಬಜಿನಲ್ಲಿಲ್ಲ. ಅವನದೂ ಅವನ ನಂತರದ ಮೊದಲ ಮಹಮ್ಮದನದೂ ಕೋಟೆಯ ಪಶ್ಚಿಮಕ್ಕೆ, ಹತ್ತಿರದಲ್ಲೇ ಇವೆ. ಹಫ್ತ್ ಗುಂಬಜಿನಲ್ಲಿರುವುದು ಮುಜಾಹಿದ್, ದಾವೂದ್, ಫಿರೋಜ್ ಮೊದಲಾದವರ ಗೋರಿಗಳು. ಕಮಲಾಪುರದ ಕಡೆಗೆ, ಹುಮನಾಬಾದ್ ದಾರಿಯಲ್ಲಿ ಹೊಳಕುಂದಾದಲ್ಲಿಯೂ ಏಳು ಗೋರಿಗಳಿವೆ. ಕಲಾ ಇತಿಹಾಸಕಾರ್ತಿ ಎಲಿಜಬೆತ್ ಮರ್ಕ್ಲಿಂಗರ್ 1970ರ ದಶಕದಲ್ಲಿಯೇ ಅವುಗಳ ಸಮೀಕ್ಷೆ ಪ್ರಕಟಿಸಿದ್ದರು. ನಗರದ ಏಳಕ್ಕೆ ಸಿಕ್ಕ ಮಾನ ಈ ಏಳಕ್ಕೆ ಸಿಕ್ಕಿಲ್ಲ, ಇದು ಅನ್ಯಾಯ. ಬಂದೇ ನವಾಜರ ದರ್ಗಾ ಸಹ ಆ ಮೂರರಲ್ಲಿಲ್ಲ.

ಸಂರಕ್ಷಣೆಯ ನಿಯಮ ಇರುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಲ್ಲಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲಿನದರಲ್ಲಿ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲಿದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಪ್ರತಿ ಸ್ಮಾರಕಕ್ಕೂ ಪರಂಪರೆ ಉಪವಿಧಿ ರೂಪಿಸಬೇಕೆಂದು ಕಾಯ್ದೆ ಹೇಳುತ್ತದೆ. ಕರಡು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಕೇಳುವುದು ಆಗಲೇ. ಗೋಡೆ ಎಷ್ಟು ಎತ್ತರ, ಮೇಲೆ ಇನ್ನೊಂದು ಅಂತಸ್ತು ಬೇಕೇ ಬೇಡವೇ ಎಂಬುದೆಲ್ಲ ತೀರ್ಮಾನವಾಗುವ ಆ ಕರಡು ಜಾಲತಾಣದಲ್ಲಿದ್ದರೆ ಸಾಲದು. ಅದು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ವಾರ್ಡಿನ ಕಚೇರಿಗೆ, ಮಸೀದಿ ಮತ್ತು ಗುಡಿಯ ಕಟ್ಟೆಗೆ ಬರಬೇಕು.

ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಹಂಪಿ ತೋರಿಸಿದೆ. 1986ರಲ್ಲಿ ವಿಶ್ವ ಪರಂಪರೆಯ ತಾಣವಾದ ಹಂಪಿ, ತೂಗುಸೇತುವೆಗಳ ಕಾರಣಕ್ಕೆ 1999ರಲ್ಲಿ ಅಪಾಯದ ಪಟ್ಟಿ ಸೇರಿ 2006ರಲ್ಲಿ ಹೊರಬಂತು. ಅದಕ್ಕಾಗಿ 2002ರಲ್ಲಿ ಪ್ರತ್ಯೇಕ ಕಾಯ್ದೆಯೂ ಪ್ರಾಧಿಕಾರವೂ ಬಂದವು. ಆದರೂ 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರದ ಮನೆ, ಅಂಗಡಿಗಳು ನೆಲಸಮವಾದಾಗ, ಅಲ್ಲೇ ಬದುಕು ಕಟ್ಟಿಕೊಂಡವರಿಗೆ ತಮ್ಮ ಮಾತು ಹೇಳಲು ಸಮಯ ಸಿಕ್ಕಿದ್ದು ತೀರ ಕಡಿಮೆ.

ಕಲಬುರಗಿ ಕೋಟೆಯೊಳಗೆ ತಲೆಮಾರುಗಟ್ಟಲೆ ಬದುಕಿದ ಕುಟುಂಬಗಳ ಸ್ಥಳಾಂತರದ ಪ್ರಶ್ನೆಯೂ ನ್ಯಾಯಾಲಯದ ಮೆಟ್ಟಿಲೇರಿದೆ. ಅವರಿಗೆ ಕೋಟೆ ಮನೆಯ ವಿಳಾಸ. ತಾತ್ಕಾಲಿಕ ಪಟ್ಟಿಯಿಂದ ಮುಂದಿನ ಹಂತಕ್ಕೆ ಹೋಗಲು ನಿರ್ವಹಣಾ ಯೋಜನೆ ಬೇಕೇ ಬೇಕು. ಆ ಯೋಜನೆಯ ಕರಡಿನಲ್ಲಿ ಮೊದಲು ಕೇಳಬೇಕಾದವರು ಈ ಕುಟುಂಬಗಳು, ಹಫ್ತ್ ಗುಂಬಜ್ ಸುತ್ತಲಿನ ನಿವಾಸಿಗಳು, ದರ್ಗಾದ ಸೇವಕರು. ಕಮಲಾಪುರ ತಾಲ್ಲೂಕಿನ ಹೊಳಕುಂದಾದ ರೈತರನ್ನೂ ಅದರಲ್ಲಿ ಸೇರಿಸಬೇಕು.