ನವಿಲು ಹೆಚ್ಚಾಯ್ತು ಅಂತಾದ್ರೆ, ಎಣಿಸಿದವರು ಯಾರು?

ವಾಮಂಜೂರು, ಕೊಣಾಜೆ, ಬಜ್ಪೆ... ಮಂಗಳೂರಿನ ಯಾವ ಅಂಚಿಗೆ ಹೋದ್ರೂ ತರಕಾರಿ ಬೆಳೆಯುವವರದ್ದು ಒಂದೇ ಮಾತು: ನವಿಲಿನ ಕಾಟ. ಅಲಸಂಡೆ ಮೊಳಕೆ ಉಳಿಯುವುದಿಲ್ಲ, ಭತ್ತದ ತೆನೆಯೂ ಅಷ್ಟೆ. "ಅಜ್ಜನ ಕಾಲದಲ್ಲಿ ಇದೆಲ್ಲಿತ್ತು ಮಾರಾಯ್ರೆ?" ಅಂತಾರೆ. ಒಳ್ಳೇ ಪ್ರಶ್ನೆ. ಆದ್ರೆ ಉತ್ತರಕ್ಕೆ ಹಳೇ ಲೆಕ್ಕ ಬೇಕು.

ಅಂಥದ್ದೊಂದು ಲೆಕ್ಕ ನಮ್ಮ ದಕ್ಷಿಣಕ್ಕೆ ಉಂಟು. 1933ರಲ್ಲಿ ಸಲೀಂ ಅಲಿ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಹಕ್ಕಿ ಸಮೀಕ್ಷೆ ಮಾಡಿದಾಗ ನವಿಲು ಸಿಗಲೇ ಇಲ್ಲ. ಈಗ ಕೇರಳದ ಎಲ್ಲಾ ಜಿಲ್ಲೆಗಳಲ್ಲೂ ಉಂಟು, ನಮ್ಮ ಪಕ್ಕದ ಕಾಸರಗೋಡೂ ಸೇರಿ. ಸುಮಾರು 30 ಸಾವಿರ ಹಕ್ಕಿವೀಕ್ಷಕರ ದಾಖಲೆಗಳಿಂದ ತಯಾರಾದ 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಪ್ರಕಾರ ದೇಶದಲ್ಲಿ ನವಿಲು ಶೇ. 150ಕ್ಕೂ ಮೀರಿ ಹೆಚ್ಚಿದೆ. ಇದು ಮೂಲತಃ ಒಣ ಕುರುಚಲಿನ ಹಕ್ಕಿ. ಹಾಗಾಗಿ ಕೇರಳದ ಸಂಶೋಧಕರು 2020ರಲ್ಲಿ ಇದನ್ನು ಹವಾಮಾನ ಬದಲಾಗುವುದರ ಸೂಚಕ ಎಂದು ಬರೆದರು. ಇರಬಹುದು. ನನಗೆ ಹಡಿಲು ಬಿದ್ದ ಗದ್ದೆಗಳೂ ಕಾಣ್ತವೆ. ಉಳುವವರಿಲ್ಲದ ಬೈಲಿನಲ್ಲಿ ಪೊದೆ ಎದ್ದಿದೆ, ಮೊಟ್ಟೆ ಇಡ್ಲಿಕ್ಕೆ ಅದಕ್ಕಿಂತ ಒಳ್ಳೇ ಜಾಗ ಎಂತ ಬೇಕು?

ರಣಹದ್ದಿನ ಕತೆ ಇದರ ತದ್ವಿರುದ್ಧ. ಸತ್ತ ದನ ತಿಂದು ಮುಗಿಸುತ್ತಿದ್ದ ಬಿಳಿಬೆನ್ನಿನ ರಣಹದ್ದು 1990ರ ದಶಕದಿಂದ ಹದಿನೈದೇ ವರ್ಷದಲ್ಲಿ ಶೇ. 99ಕ್ಕೂ ಹೆಚ್ಚು ಇಲ್ಲವಾಯ್ತು. ಅದು ಗೊತ್ತಾದದ್ದು ಹೇಗೆ? ಭರತ್‌ಪುರದಲ್ಲಿ ವಿಭು ಪ್ರಕಾಶ್ 80ರ ದಶಕದಲ್ಲೇ ಎಣಿಸಿಟ್ಟಿದ್ದರು, 90ರ ದಶಕದಲ್ಲಿ ಮತ್ತೆ ಎಣಿಸಿದರು. ಆಮೇಲೆ ಕಾರಣ ಹುಡುಕಿದರು. ದನಕ್ಕೆ ಕೊಡುವ ನೋವಿನ ಮದ್ದು ಡೈಕ್ಲೋಫೆನಾಕ್ ಎಂದು 2004ರಲ್ಲಿ ಖಚಿತವಾಯ್ತು, 2006ರಲ್ಲಿ ಪಶುಗಳಿಗೆ ಕೊಡುವುದು ನಿಷೇಧವಾಯ್ತು. ಹಳೇ ಎಣಿಕೆ ಇಲ್ಲದಿದ್ರೆ "ಮೊದಲು ತುಂಬಾ ಇದ್ವು" ಎಂಬ ಮಾತಷ್ಟೇ ಉಳೀತಿತ್ತು.

ನವಿಲಿನ ವಿಷಯದಲ್ಲಿ ನಾವಿನ್ನೂ ಆ ಮಾತಿನಲ್ಲೇ ಇದ್ದೇವೆ. 1963ರಿಂದ ಅದು ರಾಷ್ಟ್ರಪಕ್ಷಿ, 1972ರ ಕಾಯ್ದೆಯಲ್ಲಿ ಮೊದಲ ಪಟ್ಟಿಯ ರಕ್ಷಣೆ. ಮುಟ್ಟುವ ಹಾಗಿಲ್ಲ. 2016ರಲ್ಲಿ ಗೋವಾದ ಕೃಷಿ ಸಚಿವರು ಉಪದ್ರವಿ ಪಟ್ಟಿಗೆ ಸೇರಿಸುವ ಮಾತಾಡಿ ಗಲಾಟೆಯಾಯ್ತು. ಕೊಲ್ಲುವ ಪರ ನಾನಿಲ್ಲ. ಆದ್ರೆ ಬೆಳೆನಷ್ಟ ಪರಿಹಾರ ಕೇಳುವಾಗಲೂ ಎಷ್ಟು ನವಿಲು, ಯಾವ ತಿಂಗಳು ಅಂತ ಹೇಳ್ಲಿಕ್ಕಾಗಬೇಕಲ್ಲ?

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೀತದೆ. ಹದಿನೈದು ನಿಮಿಷ ನಿಂತು ಕಂಡ ಹಕ್ಕಿ ಬರೆದ್ರೆ ಸಾಕು. ಕೆರೆ ಬದಿಗೆ, ಕ್ಯಾಂಪಸ್ಸಿಗೆ ಜನ ಹೋಗ್ತಾರೆ. ನಾವು ನಮ್ಮ ಬೈಲಿನಲ್ಲೇ ನಿಲ್ಲುವ. ನವಿಲಿನ ಜೊತೆ ಟಿಟ್ಟಿಭ, ಗೀಜಗವನ್ನೂ ಬರೀರಿ, ಒಂದೂ ಕಾಣದಿದ್ರೆ ಅದನ್ನೂ.