ಪೀಶಕತ್ತಿ: ಮಸೆಹಲಗೆಯ ಮೇಲೆ ಸವೆದ ಒಂದು ಚರಿತ್ರೆ

ಕಾಸರಗೋಡಿನ ಹಳೆಯ ಅಡಿಕೆ ತೋಟದ ಮನೆಗಳ ಹಿತ್ತಿಲ ಜಗಲಿಯಲ್ಲಿ, ನಡುವೆ ಸವೆದು ದೋಣಿಯಂತೆ ತಗ್ಗಾದ ಮರದ ಹಲಗೆಯೊಂದು ಇಂದಿಗೂ ಅಪರೂಪಕ್ಕೆ ಕಾಣಸಿಗುತ್ತದೆ. ಕತ್ತಿ ಮಸೆಯುವ ಹಲಗೆ ಅದು. ಕುಟ್ಟಿ ಜರಡಿ ಹಿಡಿದ ಬೆಣಚುಕಲ್ಲಿನ ಹುಡಿಯನ್ನು ಅದರ ಮೇಲೆ ಉದುರಿಸಿ ಅಲಗನ್ನು ಉಜ್ಜುತ್ತಿದ್ದರು. ಬೆಣಚು ಹದಗೊಂಡ ಉಕ್ಕಿಗಿಂತ ಗಡುಸು. ಹುಡಿಯ ಕಣಗಳು ಮರದಲ್ಲಿ ಹುದುಗಿ ನಿಂತು ಲೋಹವನ್ನು ಸವೆಸುತ್ತವೆ. ಮರವು ಒತ್ತಡಕ್ಕೆ ತುಸು ತಗ್ಗುವುದರಿಂದ ಬಾಯಿ ಚಪ್ಪಟೆಯಾಗದೆ ನಸು ಉಬ್ಬಾಗಿ ಬರುತ್ತದೆ, ಬೇಗನೆ ಮುಕ್ಕಾಗುವುದಿಲ್ಲ. ಕೊನೆಗೆ ಅಂಚಿನಲ್ಲೇಳುವ ಉಕ್ಕಿನ ನವಿರು ಸಿಬಿರನ್ನು ಹುಡಿಯಿಲ್ಲದ ಜಾಗದಲ್ಲಿ ಹಿಮ್ಮುಖವಾಗಿ ಎಳೆದು ತೆಗೆಯಬೇಕು. ಇದನ್ನು ಮರೆತವನ ಕತ್ತಿ ಮೊದಲ ಅಡಿಕೆಗೇ ಮೊಂಡಾಗುತ್ತದೆ.

ಹಿಡಿ ಹಾಕುವುದೂ ಬಹುಮಟ್ಟಿಗೆ ಮನೆಗೆಲಸವೇ ಆಗಿತ್ತು. ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಹಿಂಬದಿಯ ಬಾಲವನ್ನಷ್ಟೇ ಕೆಂಪಗೆ ಕಾಯಿಸಿ, ಮೊದಲೇ ತೂತು ಕೊರೆದ ಮರದ ಹಿಡಿಗೆ ಇಳಿಸಿ, ಸಂದಿಗೆ ಅರಗು ತುಂಬುವ ಕ್ರಮ ಅದು. ಒದ್ದೆ ಬಟ್ಟೆ ಇಲ್ಲದಿದ್ದರೆ ಕಾವು ಅಲಗಿಗೂ ಹರಿದು ಕಮ್ಮಾರ ಕೊಟ್ಟ ಹದವೇ ಹೋಗುತ್ತದೆ.

ಈ ಸಣ್ಣ ಕತ್ತಿಗೆ ಇಲ್ಲಿನ ತುಳುವರಲ್ಲೂ ಹವ್ಯಕರಲ್ಲೂ ಪೀಶಕತ್ತಿ ಎಂಬ ಹೆಸರು. ಮಲಯಾಳದಲ್ಲಿ ಪಿಚ್ಚಾತ್ತಿ, ಕೊಡವರಲ್ಲಿ ಪೀಚೆಕತ್ತಿ. ಯಾವುದು ಮೂಲ, ಯಾವುದು ಸಾಲ ಎಂಬ ವಾದಕ್ಕಿಂತ, ಮೂರು ನೆರೆನಾಡುಗಳಲ್ಲಿ ಕತ್ತಿಗೆ ಒದಗಿದ ಮೂರು ಬಗೆಯ ಚರಿತ್ರೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

ಮಲಬಾರಿನಲ್ಲಿ ಕತ್ತಿ ಸರಕಾರದ ಕಡತವನ್ನು ಸೇರಿತು. ಮಾಪ್ಪಿಳರ ದಂಗೆಗಳಿಗೆ ಬೆದರಿದ ಕಂಪೆನಿ ಸರಕಾರ 1854ರ 24ನೆಯ ಕಾಯಿದೆಯ ಮೂಲಕ ಅಲ್ಲಿನ ಯುದ್ಧಕತ್ತಿಗಳನ್ನು ನಿಷೇಧಿಸಿತು. ಕಲೆಕ್ಟರ್ ಕಾನೊಲಿ 7,500ಕ್ಕೂ ಹೆಚ್ಚು ಕತ್ತಿಗಳನ್ನು ಒಪ್ಪಿಸಿಕೊಂಡ. ಮರುವರ್ಷದ ಸೆಪ್ಟೆಂಬರಿನಲ್ಲಿ ಅವನ ಕೊಲೆಯಾಯಿತು. ಅವು ಪಿಚ್ಚಾತ್ತಿಗಳಲ್ಲ, ದೊಡ್ಡ ಆಯುಧಗಳು, ನಿಜ. ಆದರೆ ಆ ಬಳಿಕ ಮಲಬಾರಿನ ಕತ್ತಿಯ ಬಗೆಗೆ ಬರೆಯುವವರು ಈ ಕಡತವನ್ನು ದಾಟಿ ಹೋಗುವಂತಿಲ್ಲ. ಕೊಡಗಿನಲ್ಲಿ ತದ್ವಿರುದ್ಧ: 1860ರ ನಿರಾಯುಧೀಕರಣ ಕಾಯಿದೆಯಿಂದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ನೀಡಿದ. ಅಲ್ಲಿ ಪೀಚೆಕತ್ತಿ ಬೆಳ್ಳಿಯ ಅಲಂಕಾರ, ಸರಪಣಿಗಳೊಂದಿಗೆ ಮದುವೆಯ ಉಡುಪಿನಲ್ಲಿ ಗೌರವದ ಗುರುತಾಗಿ ಉಳಿಯಿತು.

ಇವೆರಡರ ನಡುವಿನ ಕಾಸರಗೋಡು ಆಗ ಕೆನರಾ ಜಿಲ್ಲೆಗೆ ಸೇರಿತ್ತು. ಮಲಬಾರಿನ ಕಾಯಿದೆಯಾಗಲಿ ಕೊಡಗಿನ ವಿನಾಯಿತಿಯಾಗಲಿ ಇಲ್ಲಿಯದಲ್ಲ. ಇಲ್ಲಿನ ಪೀಶಕತ್ತಿ ವೀಳ್ಯದೆಲೆಯ ತೊಟ್ಟು ಕತ್ತರಿಸುತ್ತ, ಅಡಿಕೆ ಹೋಳು ಮಾಡುತ್ತ, ಮತ್ತೆ ಮತ್ತೆ ಮಸೆಸಿಕೊಳ್ಳುತ್ತ ಇತ್ತು. ಮಸೆದಷ್ಟೂ ಅಲಗು ಕಿರಿದಾಗುತ್ತದೆ. ಒಂದು ಹಂತದಲ್ಲಿ ಬರಿಯ ಕಡ್ಡಿಯಾಗಿ ಗುಜರಿಗೆ ಹೋಗುತ್ತದೆ. ತೊಟ್ಟವರ ಕತ್ತಿ ವಸ್ತುಸಂಗ್ರಹಾಲಯಕ್ಕೆ ಬಂತು, ದುಡಿದವರ ಕತ್ತಿ ಹುಡಿಯಾಯಿತು. ನಮ್ಮ ಭೌತಿಕ ಸಂಸ್ಕೃತಿಯ ಅಧ್ಯಯನಗಳು ಸಂಗ್ರಹಾಲಯದ ವಸ್ತುಗಳನ್ನೇ ನೆಚ್ಚಿಕೊಂಡಾಗ ಈ ಓರೆ ಗಮನಕ್ಕೆ ಬರುವುದೇ ಇಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡದ ಚರ್ಚೆ ಸಹಜವಾಗಿಯೇ ಶಾಲೆ, ಕಚೇರಿ, ಅರ್ಜಿಗಳ ಸುತ್ತ ಬೆಳೆಯಿತು. ಉಪಕರಣಗಳ ನುಡಿ ಅದರಲ್ಲಿ ಹಿಂದುಳಿಯಿತು. ಪ್ಲಾಸ್ಟಿಕ್ ಹಿಡಿಯ ಸ್ಟೀಲ್ ಚಾಕುವಿಗೆ ಹಿಡಿ ಹಾಕಬೇಕಿಲ್ಲ, ಬಾಲ ಕಾಯಿಸಬೇಕಿಲ್ಲ. ಆ ಕೆಲಸಗಳ ಮಾತುಗಳೂ ಬೇಕಿಲ್ಲ. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ಕತ್ತಿ ಸಿಗದ ಮನೆಯಲ್ಲೂ ಹಲಗೆಯನ್ನು ಕೇಳಬೇಕು: ಯಾವ ಮರ, ತಗ್ಗು ಎಷ್ಟು ಆಳ, ಬೆಣಚುಕಲ್ಲನ್ನು ಎಲ್ಲಿಂದ ತರುತ್ತಿದ್ದರು, ಅದಕ್ಕೆ ಮನೆಮಾತಿನಲ್ಲಿ ಏನೆನ್ನುತ್ತಿದ್ದರು. ಮಸೆಯುತ್ತಿದ್ದವರಲ್ಲಿ ಕೆಲವರು ಇನ್ನೂ ಇದ್ದಾರೆ.