ಹಿಡಿಯುವ ದೋಷ, ತಡೆಯುವ ದೋಷ: ಅತಿವಾಹಕ ತೆಳುಪದರಗಳಲ್ಲಿ ಡಿಸ್ಲೊಕೇಶನ್‌ಗಳ ಅಂತರ

ಯಿಟ್ರಿಯಮ್-ಬೇರಿಯಮ್-ತಾಮ್ರದ ಆಕ್ಸೈಡು 92 ಕೆಲ್ವಿನ್ ಆಸುಪಾಸಿನಲ್ಲಿ ವಿದ್ಯುತ್ ರೋಧ ಕಳೆದುಕೊಳ್ಳುವುದು 1987ರಲ್ಲಿ ತಿಳಿಯಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರೂ ಅದನ್ನು ತಯಾರಿಸಿ ಪರಿಶೀಲಿಸಿದರು. ಸುಟ್ಟು ಮಾಡಿದ ಬಿಲ್ಲೆಗಿಂತ ಒಳ್ಳೆಯ ತೆಳುಪದರ ಸಾವಿರ ಪಟ್ಟು ಹೆಚ್ಚು ವಿದ್ಯುತ್ ಹೊರುತ್ತದೆ. 77 ಕೆಲ್ವಿನ್‌ನಲ್ಲಿ ಚದರ ಸೆಂಟಿಮೀಟರಿಗೆ 10 ಲಕ್ಷ ಆಂಪಿಯರ್ ದಾಟುತ್ತದೆ. ಹರಳುಗಳ ನಡುವಿನ ಓರೆ ಹೆಚ್ಚಿದಷ್ಟೂ ಗಡಿ ದಾಟುವ ವಿದ್ಯುತ್ ಕುಸಿಯುತ್ತದೆಂದು 1988ರಲ್ಲಿ ಡಿಮೋಸ್, ಚೌಧರಿ ಮೊದಲಾದವರು ತೋರಿಸಿದರು. ಪದರದೊಳಗಿನ, ಪರಮಾಣುಗಳ ಸಾಲು ತಪ್ಪಿದ ಗೆರೆಯಂಥ ದೋಷಗಳಾದ ಡಿಸ್ಲೊಕೇಶನ್‌ಗಳೇ ಆ ಹೆಚ್ಚಿನ ವಿದ್ಯುತ್ತಿಗೆ ಕಾರಣವೆಂದು 1999ರಲ್ಲಿ ಡ್ಯಾಮ್ ತಂಡ ವಾದಿಸಿತು. ಇವೆರಡನ್ನು ಎದುರಾಳಿ ಮಾತುಗಳೆಂದು ಓದುವುದು ಸರಿಯಲ್ಲ.

ವಿದ್ಯುತ್ ಹರಿದಾಗ ಪದರದೊಳಗೆ ನುಗ್ಗಿದ ಕಾಂತಕ್ಷೇತ್ರದ ಎಳೆಗಳಾದ ಕಾಂತೀಯ ಸುಳಿಗಳ ಮೇಲೆ ಬಲ ಬೀಳುತ್ತದೆ. ಸುಳಿ ಸರಿದರೆ ಶಕ್ತಿ ವ್ಯಯವಾಗುತ್ತದೆ. ಕೊಟ್ಟೂರಿನ ತೇರನ್ನು ಎಷ್ಟು ಜನ ಎಳೆದರೂ ಗಾಲಿಯಡಿಯ ಮರದ ಸನ್ನೆ ಅದನ್ನು ನಿಲ್ಲಿಸಬಲ್ಲದು. ಒಂಟಿ ಡಿಸ್ಲೊಕೇಶನ್ ಸುಳಿಗೆ ಅಂಥ ಸನ್ನೆ. ಒಳ್ಳೆಯ ಪದರಗಳಲ್ಲಿ ಇವುಗಳ ನಡುವೆ ನೂರು ನ್ಯಾನೋಮೀಟರ್ ಆಸುಪಾಸಿನ ಅಂತರವಿದ್ದು, ವಿದ್ಯುತ್ ಆಚೀಚೆ ಸರಾಗವಾಗಿ ಹರಿಯುತ್ತದೆ. ಆದರೆ ಸಣ್ಣ ಓರೆಯ ಹರಳುಗಡಿ ಎಂದರೆ ಇವೇ ಡಿಸ್ಲೊಕೇಶನ್‌ಗಳ ಸಾಲು. ಫ್ರಾಂಕ್ ಸೂತ್ರದ ಪ್ರಕಾರ 0.39 ನ್ಯಾನೋಮೀಟರ್ ಜಾಲದಲ್ಲಿ 2 ಡಿಗ್ರಿ ಓರೆಗೆ ಅಂತರ ಸುಮಾರು 11 ನ್ಯಾನೋಮೀಟರ್, 10 ಡಿಗ್ರಿಗೆ 2.2 ಮಾತ್ರ. 77 ಕೆಲ್ವಿನ್‌ನಲ್ಲಿ ಅತಿವಾಹಕ ಸ್ಥಿತಿ ಚೇತರಿಸಿಕೊಳ್ಳಲು ಬೇಕಾದ ದೂರ 3ರಿಂದ 4 ನ್ಯಾನೋಮೀಟರ್. ಅಂತರ ಅದಕ್ಕಿಂತ ಕಿರಿದಾದರೆ ಸನ್ನೆಗಳ ಸಾಲೇ ಗೋಡೆಯಾಗುತ್ತದೆ. ಹಾಗಾಗಿ, ಕನಿಷ್ಠ ಸಣ್ಣ ಓರೆಗಳಲ್ಲಿ, ಬಹುಶಃ ದುರ್ಬಲ ಕಾಂತಕ್ಷೇತ್ರದಲ್ಲಿ ಮಾತ್ರ, ದೋಷದ ಜಾತಿಗಿಂತ ಅಂತರವೇ ಮುಖ್ಯವೆನ್ನಬೇಕು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹರಳುಗಡಿಗೆ ಕ್ಯಾಲ್ಸಿಯಮ್ ಬೆರೆಸಿದರೆ ಓರೆ ಬದಲಾಗದೆಯೇ ವಿದ್ಯುತ್ ಹೆಚ್ಚುವುದನ್ನು 2000ದಲ್ಲಿ ಹ್ಯಾಮರ್ಲ್ ತಂಡ ಕಂಡಿತು. ಅಂತರವೇ ಎಲ್ಲವಾಗಿದ್ದರೆ ಹೀಗಾಗಬಾರದಿತ್ತು. ಈ ಸಾಕ್ಷ್ಯವನ್ನು ಒಪ್ಪಲೇಬೇಕು: ಡಿಸ್ಲೊಕೇಶನ್‌ನ ಸುತ್ತ ವಿದ್ಯುದಾವೇಶದ ಕೊರತೆಯುಂಟಾಗಿ, ಅದರ ತಿರುಳು ಕಣ್ಣಿಗೆ ಕಾಣುವುದಕ್ಕಿಂತ ದಪ್ಪವಾಗಿ ವರ್ತಿಸುತ್ತದೆ. ಕ್ಯಾಲ್ಸಿಯಮ್ ಆ ದಪ್ಪವನ್ನು ಇಳಿಸಿದರೆ ನಡುವಿನ ತೆರವು ಅಗಲವಾಗುತ್ತದೆ. ಈ ಓದಿನಲ್ಲಿ ಆಕ್ಷೇಪ ವಾದವನ್ನು ಮುರಿಯದೆ ತಿದ್ದುತ್ತದೆ. ಎಣಿಸಬೇಕಾದದ್ದು ತಿರುಳುಗಳ ನಡುವೆ ಉಳಿದ ತೆರವು. ಪ್ರಬಲ ಕಾಂತಕ್ಷೇತ್ರದಲ್ಲಿ ಸುಳಿಗಳು ಗಡಿಯುದ್ದಕ್ಕೂ ಜಾರತೊಡಗಿದಾಗ ಈ ಲೆಕ್ಕ ನಿಲ್ಲುವುದೇ ಎಂಬುದು ಇನ್ನೂ ತೆರೆದ ಪ್ರಶ್ನೆ.